ಸತ್ಯಾಂಶ: ಅಕ್ಟೋಬರ್‌ನಲ್ಲಿ ಸುಂಟರಗಾಳಿ ಬರಲ್ವಾ?

"ಅಮೆರಿಕದ ಟೆಕ್ಸಾಸ್, ಒಕ್ಲಹೋಮ ಬಯಲಿನಲ್ಲಿ ಸುಂಟರಗಾಳಿ ಬರೋದು ವಸಂತದಲ್ಲಿ ಮಾತ್ರ, ಅಕ್ಟೋಬರ್ ಮುನ್ಸೂಚನೆ ಸುಮ್ನೆ ಹೆದರಿಸೋಕೆ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಅರ್ಧ ನಿಜ, ಅಷ್ಟೆ. ಜಾಸ್ತಿ ಬರುವುದು ಏಪ್ರಿಲ್‌ನಿಂದ ಜೂನ್‌ವರೆಗೇ. ಆದರೆ 2019ರ ಅಕ್ಟೋಬರ್ 20ರ ಭಾನುವಾರ ರಾತ್ರಿ ಟೆಕ್ಸಾಸ್‌ನ ಡಲ್ಲಾಸ್ ನಗರಕ್ಕೆ ನುಗ್ಗಿದ್ದು ಏನು ಮತ್ತೆ? ಗಂಟೆಗೆ ಸುಮಾರು 225 ಕಿ.ಮೀ. ವೇಗದ ಗಾಳಿ. ಮನೆಗಳ ಚಾವಣಿ ಕಿತ್ತುಹೋದವು, ಶಾಲೆಗಳು ಹಾಳಾದವು. ಪುಣ್ಯಕ್ಕೆ ಯಾರೂ ಸಾಯಲಿಲ್ಲ.

ಅಕ್ಟೋಬರ್ ಹೊತ್ತಿಗೆ ಕೆನಡಾ ಕಡೆಯಿಂದ ತಣ್ಣನೆಯ ಗಾಳಿ ಇಳಿಯತೊಡಗುತ್ತದೆ. ಮೆಕ್ಸಿಕೊ ಕೊಲ್ಲಿಯ ಬೆಚ್ಚಗಿನ ತೇವ ಇನ್ನೂ ಬರುತ್ತಲೇ ಇರುತ್ತದೆ. ಎರಡೂ ಎದುರಾದರೆ ಗುಡುಗಿನ ಮೋಡ ಏಳುತ್ತದೆ. ಮೇಲಿನ ಜೋರು ಗಾಳಿ ಅದನ್ನು ತಿರುಗಿಸಿ ಸುಂಟರಗಾಳಿ ಹುಟ್ಟಿಸಲೂಬಹುದು.

ಅಲ್ಲಿ ಫೋನಿಗೆ 'ವಾಚ್' ಎಂಬ ಹವಾಮಾನ ಸೂಚನೆ ಬಂದರೆ ಹವೆ ಸುಂಟರಗಾಳಿಗೆ ಹದವಾಗಿದೆ ಎಂದರ್ಥ. 'ವಾರ್ನಿಂಗ್' ಬಂದರೆ ಸುಂಟರಗಾಳಿ ಕಣ್ಣಿಗೆ ಬಿದ್ದಿದೆ, ಇಲ್ಲವೇ ರೇಡಾರ್‌ನಲ್ಲಿ ಸುಳಿವು ಸಿಕ್ಕಿದೆ. ಆಗ ಕಿಟಕಿ ಪಕ್ಕ ವಿಡಿಯೊ ಮಾಡುತ್ತಾ ನಿಲ್ಲಬೇಡಿ; ಕೆಳಮಹಡಿಯಲ್ಲಿ ಕಿಟಕಿಯಿಲ್ಲದ ಒಳಕೋಣೆ ಸೇರಿಕೊಳ್ಳಿ.