ಸುಮ್ಮನೆ ನಿಲ್ಲುವ ಕೆಲಸ

ಸುಮ್ಮನೆ ನಿಲ್ಲುವುದು ಎಷ್ಟು ಕಷ್ಟವೆಂಬುದು ಗುಂಪುಚಿತ್ರಕ್ಕೆ ನಿಂತವರಿಗೆಲ್ಲ ಗೊತ್ತಿರುತ್ತದೆ. ಅದುವರೆಗೆ ತಮ್ಮ ಪಾಡಿಗೆ ತಾವಿದ್ದ ಕೈಗಳು ಕ್ಯಾಮೆರಾದ ಮುಂದೆ ಇದ್ದಕ್ಕಿದ್ದಂತೆ ಹೊರೆಯಾಗುತ್ತವೆ; ಕಟ್ಟಿಕೊಂಡರೆ ಗರ್ವ, ಇಳಿಬಿಟ್ಟರೆ ಪೆದ್ದುತನ, ಜೇಬಿಗಿಟ್ಟರೆ ಉಡಾಫೆ. ರಂಗದ ಮೇಲೆ ಈ ಪೇಚು ಇನ್ನೂ ದೊಡ್ಡದು. ಮಾತಿರುವಷ್ಟು ಹೊತ್ತು ನಟನು ಮಾತಿನ ಆಸರೆಯಲ್ಲಿ ಬದುಕಿಕೊಳ್ಳುತ್ತಾನೆ. ತನ್ನ ಮಾತು ಮುಗಿದು, ಎದುರಿನವನದು ಮುಗಿಯುವ ತನಕ ಅಲ್ಲೇ ನಿಂತಿರಬೇಕಾದಾಗ ಅವನ ಬಂಡವಾಳ ಬಯಲಾಗುತ್ತದೆ. ಹವ್ಯಾಸಿ ತಂಡಗಳ ನಿರ್ದೇಶಕರು ಇಂಥವರ ಕೈಗೆ ಒಂದು ತಟ್ಟೆಯನ್ನೋ ದೊಣ್ಣೆಯನ್ನೋ ಕೊಟ್ಟು ಪಾರಾಗುವುದುಂಟು. ಈಟಿಯನ್ನು ಮನುಷ್ಯ ಕಂಡುಹಿಡಿದದ್ದು ಯುದ್ಧಕ್ಕಲ್ಲ, ನಾಟಕದ ದ್ವಾರಪಾಲಕನ ಕೈಗೆ ಒಂದು ಕೆಲಸ ಕೊಡುವುದಕ್ಕೇ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಈಟಿ, ತಟ್ಟೆಗಳ ಹಂಗಿಲ್ಲದೆ ಸುಮ್ಮನೆ ನಿಂತು ಜಗತ್ತನ್ನು ಹೆದರಿಸಿದವರು ಜುಡಿತ್ ಆ್ಯಂಡರ್ಸನ್ ಎಂಬ ಆಸ್ಟ್ರೇಲಿಯದ ನಟಿ. 1940ರಲ್ಲಿ ಬಂದ, ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶನದ ‘ರೆಬೆಕ್ಕಾ’ ಚಿತ್ರದಲ್ಲಿ ಅವರದು ಮಿಸೆಸ್ ಡ್ಯಾನ್ವರ್ಸ್ ಎಂಬ ಪಾತ್ರ. ಮ್ಯಾಂಡರ್ಲಿ ಎನ್ನುವ ದೊಡ್ಡ ಬಂಗಲೆಯ ಆಳುಕಾಳುಗಳ ಮೇಲ್ವಿಚಾರಕಿ. ಕಪ್ಪು ಉಡುಪು, ತಲೆಗೆ ಸುತ್ತಿ ಬಿಗಿದ ಜಡೆ, ಸೊಂಟದ ಬಳಿ ಒಂದರ ಮೇಲೊಂದು ಇಟ್ಟ ಕೈಗಳು. ಈ ಹೆಂಗಸು ಚಿತ್ರದಲ್ಲಿ ನಡೆಯುವುದು ಕಾಣಿಸುವುದೇ ಅಪರೂಪ. ಹೊಸದಾಗಿ ಮದುವೆಯಾಗಿ ಬಂದ ನಾಯಕಿ ಏನೋ ಸದ್ದಾಯಿತೆಂದು ತಿರುಗಿದರೆ, ಅಲ್ಲಿ ಅವಳು ನಿಂತಿರುತ್ತಾಳೆ. ಯಾವಾಗ ಬಂದಳು, ಯಾವ ಬಾಗಿಲಿನಿಂದ ಬಂದಳು ಎಂಬುದು ನಾಯಕಿಗೂ ತಿಳಿಯದು, ನಮಗೂ ತಿಳಿಯದು. ಇದು ಬೇಕೆಂದೇ ಮಾಡಿದ್ದು, ನಡೆಯುವುದನ್ನು ತೋರಿಸಿದ್ದರೆ ಅವಳು ಮಾಮೂಲಿ ಮನುಷ್ಯಳಾಗಿಬಿಡುತ್ತಿದ್ದಳು ಎಂಬರ್ಥದ ಮಾತನ್ನು ಹಿಚ್‌ಕಾಕ್ ಮುಂದೆ ಫ್ರೆಂಚ್ ನಿರ್ದೇಶಕ ತ್ರುಫೋ ಜೊತೆಗಿನ ದೀರ್ಘ ಸಂದರ್ಶನದಲ್ಲಿ ಹೇಳಿದರು. ನಿರ್ದೇಶಕನ ಜಾಣತನ ಅಷ್ಟರ ಮಟ್ಟಿಗೆ ನಿಜ. ಆದರೆ ನಡಿಗೆಯನ್ನು ಕತ್ತರಿಸಿ ತೆಗೆಯಬಹುದೇ ಹೊರತು ನಿಲುವನ್ನು ಕತ್ತರಿಯಿಂದ ಹುಟ್ಟಿಸಲಾಗುವುದಿಲ್ಲ. ಅದನ್ನು ನಟಿಯೇ ತರಬೇಕು.

ಅವಳ ಮೊದಲ ಪ್ರವೇಶವನ್ನೇ ನೋಡಿ. ಹೊಸ ಯಜಮಾನಿಯನ್ನು ಬರಮಾಡಿಕೊಳ್ಳಲು ಮನೆಯ ಆಳುಗಳೆಲ್ಲ ಹಜಾರದಲ್ಲಿ ಸಾಲುಗಟ್ಟಿದ್ದಾರೆ. ಗಾಬರಿಯಲ್ಲಿ ಹುಡುಗಿಯ ಕೈಗವಸು ಕೆಳಗೆ ಬೀಳುತ್ತದೆ. ಎತ್ತಿಕೊಳ್ಳಲು ಇಬ್ಬರೂ ಬಗ್ಗುತ್ತಾರೆ. ಬಗ್ಗಿದ್ದು ಒಂದೇ ಕೆಲಸಕ್ಕಾದರೂ ಒಬ್ಬಳದು ಮುಗ್ಗರಿಕೆ, ಇನ್ನೊಬ್ಬಳದು ಬಾಗದೆ ಬಗ್ಗುವ ವಿದ್ಯೆ. ಮನೆ ಯಾರದು ಎಂಬ ಪ್ರಶ್ನೆ ಆ ಎರಡು ಕ್ಷಣಗಳಲ್ಲಿ ತೀರ್ಮಾನವಾಗಿಬಿಡುತ್ತದೆ. ಮುಂದೆ ಸತ್ತ ಮೊದಲ ಯಜಮಾನಿ ರೆಬೆಕ್ಕಾಳ ಕೋಣೆಯನ್ನು ತೋರಿಸುವ ದೃಶ್ಯದಲ್ಲಿ ಆಕೆ ತುಪ್ಪಳದ ಕೋಟಿನ ತೋಳನ್ನು ತನ್ನ ಕೆನ್ನೆಗೆ ಸವರಿಕೊಳ್ಳುತ್ತಾಳೆ, ರಾತ್ರಿಯುಡುಪಿನೊಳಗೆ ಕೈ ತೂರಿಸಿ ಅದರ ನವಿರನ್ನು ತೋರಿಸುತ್ತಾಳೆ. ಅಷ್ಟು ಹೊತ್ತು ಕಲ್ಲಿನಂತಿದ್ದ ಕೈ ಅಲುಗಿದಾಗಲೇ ನಮಗೆ ಅವಳೊಳಗಿನ ಪ್ರೀತಿ, ಅದು ಹಳಸಿ ಆದ ಹುಚ್ಚು, ಎರಡೂ ಕಾಣುವುದು. ಮೊದಲಿನಿಂದಲೂ ಕೈಕಾಲು ಆಡಿಸಿಕೊಂಡೇ ಇದ್ದಿದ್ದರೆ ಈ ಒಂದು ಸವರುವಿಕೆಗೆ ಬೆಲೆಯೇ ಇರುತ್ತಿರಲಿಲ್ಲ.

ಇಷ್ಟು ಮಿತವ್ಯಯದ ನಟಿ ಬಾಲ್ಯದಿಂದ ಮೌನವನ್ನೇ ಅಭ್ಯಾಸ ಮಾಡಿರಬೇಕೆಂದು ಯಾರಾದರೂ ಊಹಿಸಿದರೆ ಅದು ತಲೆಕೆಳಗಾದ ಊಹೆ. ದಕ್ಷಿಣ ಆಸ್ಟ್ರೇಲಿಯದ ಅಡಿಲೇಡ್‌ನಲ್ಲಿ 1897ರ ಫೆಬ್ರವರಿ 10ರಂದು ಹುಟ್ಟಿದ ಫ್ರಾನ್ಸಿಸ್ ಮಾರ್ಗರೆಟ್ ಆ್ಯಂಡರ್ಸನ್ ಎಂಬ ಹುಡುಗಿ ತಯಾರಾದದ್ದು ವಾಚನ ಸ್ಪರ್ಧೆಗಳಲ್ಲಿ. ಗಣಿ ಷೇರುಗಳ ವ್ಯಾಪಾರದಲ್ಲಿ ಏರಿ ಇಳಿದ ತಂದೆ ಸಂಸಾರವನ್ನು ಕೈಬಿಟ್ಟ ಮೇಲೆ, ತಾಯಿ ದಿನಸಿ ಅಂಗಡಿ ಇಟ್ಟು ಮಕ್ಕಳನ್ನು ಸಾಕಿದರು. ಅಂಥ ಮನೆಯಲ್ಲಿ ಕಿರಿಯ ಮಗಳಿಗೆ ಉಚ್ಚಾರಣೆಯ ಪಾಠ ಹೇಳಿಸಿದ ತಾಯಿಯ ಧೈರ್ಯವನ್ನು ಮೆಚ್ಚಬೇಕು. ಪದ್ಯವನ್ನು ಎತ್ತರದ ದನಿಯಲ್ಲಿ, ಅಭಿನಯಸಹಿತ, ಸಭಾಂಗಣದ ಕೊನೆಯ ಬೆಂಚಿಗೆ ತಲುಪುವಂತೆ ಹೇಳುವುದು ಆ ಕಾಲದ ವಾಚನಕಲೆ. ದನಿ ಮೊದಲು ಬಂತು. ಸುಮ್ಮನಿರುವುದನ್ನು ಕಲಿತದ್ದು ಆಮೇಲೆ.

1915ರಲ್ಲಿ ಸಿಡ್ನಿಯ ರಂಗಮಂದಿರದಲ್ಲಿ ವೃತ್ತಿ ಆರಂಭಿಸಿ, 1918ರಲ್ಲಿ ತಾಯಿಯೊಂದಿಗೆ ಅಮೆರಿಕಕ್ಕೆ ಹೋದಾಗ ಆಕೆಗೆ ಇಪ್ಪತ್ತೊಂದರ ಆಸುಪಾಸು. ಸಿನಿಮಾ ದೊರೆ ಸಿಸಿಲ್ ಬಿ. ಡಿಮಿಲ್ ಅವರಿಗೆಂದು ಹಿಡಿದುಕೊಂಡು ಹೋದ ಪರಿಚಯಪತ್ರದಿಂದ ಏನೂ ಗಿಟ್ಟಲಿಲ್ಲ. ಹಾಲಿವುಡ್ ಬಯಸುತ್ತಿದ್ದದ್ದು ಒಂದು ಬಗೆಯ ಮುದ್ದು ಮುಖವನ್ನು. ಈಕೆಯದು ಉದ್ದ ಮೂಗು, ಆಳದ ಕಣ್ಣು, ಎತ್ತರವೂ ಸಾಧಾರಣ. ತಾಯಿ ಮಗಳು ನ್ಯೂಯಾರ್ಕಿಗೆ ಹೋಗಿ ಬಡತನದಲ್ಲಿ ದಿನ ತಳ್ಳಿದರು. ಸಣ್ಣ ಕಂಪನಿಗಳಲ್ಲಿ, ಊರೂರು ತಿರುಗುವ ತಂಡಗಳಲ್ಲಿ ಹಲವು ವರ್ಷ ದುಡಿದು, ಜುಡಿತ್ ಎಂಬ ಹೊಸ ಹೆಸರಿಟ್ಟುಕೊಂಡು, 1924ರಲ್ಲಿ ‘ಕೋಬ್ರಾ’ ಎಂಬ ನಾಟಕದಿಂದ ಆಕೆ ನ್ಯೂಯಾರ್ಕಿನ ವೃತ್ತಿರಂಗಭೂಮಿಯ ಕೇಂದ್ರವಾದ ಬ್ರಾಡ್‌ವೇಯ ತಾರೆಯಾದರು. ಮೂರು ವರ್ಷದ ಬಳಿಕ ಅದೇ ನಾಟಕವನ್ನು ಹೊತ್ತು ಆಸ್ಟ್ರೇಲಿಯಕ್ಕೂ ಹೋಗಿಬಂದರು. ಡಿಮಿಲ್ ವಿಷಯಕ್ಕೆ ಒಂದು ಅಡಿಟಿಪ್ಪಣಿ: 1956ರಲ್ಲಿ ‘ದ ಟೆನ್ ಕಮಾಂಡ್‌ಮೆಂಟ್ಸ್’ ತೆಗೆದಾಗ ಆತ ಇದೇ ಆ್ಯಂಡರ್ಸನ್ ಅವರನ್ನು ಕರೆದು ಪಾತ್ರ ಕೊಟ್ಟರು. ಮೋಸೆಸ್‌ನ ಜನ್ಮರಹಸ್ಯವನ್ನು ವರ್ಷಗಟ್ಟಲೆ ಬಟ್ಟೆಯ ತುಂಡಿನೊಂದಿಗೆ ಬಚ್ಚಿಟ್ಟುಕೊಂಡ ಮೆಮ್ನೆಟ್ ಎಂಬ ದಾಸಿ! ಅಲ್ಲಿಗೂ ಊಳಿಗ ತಪ್ಪಲಿಲ್ಲ.

ನನಗೆ ಬಹಳ ಸೋಜಿಗವೆನಿಸುವುದು ಈ ಅಂತಸ್ತಿನ ಏರುಪೇರು. ರಂಗದ ಮೇಲೆ ಆ್ಯಂಡರ್ಸನ್ ರಾಣಿ. ತೆರೆಯ ಮೇಲೆ ಹೆಚ್ಚಾಗಿ ದಾಸಿ, ಚಿಕ್ಕಮ್ಮ, ಮಲತಾಯಿ. 1936ರಲ್ಲಿ ನ್ಯೂಯಾರ್ಕಿನಲ್ಲಿ ಜಾನ್ ಗೀಲ್ಗುಡ್ ಷೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಆದಾಗ ಆಕೆ ಅವನ ತಾಯಿ, ರಾಣಿ ಗರ್ಟ್ರೂಡ್. 1937ರಲ್ಲಿ ಲಂಡನ್ನಿನ ಓಲ್ಡ್ ವಿಕ್ ರಂಗಮಂದಿರದಲ್ಲಿ ಲಾರೆನ್ಸ್ ಒಲಿವಿಯೆ ಮ್ಯಾಕ್‌ಬೆತ್ ಆದಾಗ ಆಕೆ ಲೇಡಿ ಮ್ಯಾಕ್‌ಬೆತ್. ಆ ನಾಟಕದ ಹೆಸರನ್ನು ರಂಗಮಂದಿರದೊಳಗೆ ಎತ್ತಬಾರದೆಂಬ ನಂಬಿಕೆ ಇಂಗ್ಲೆಂಡಿನ ನಟರಲ್ಲಿದೆ. ಪ್ರದರ್ಶನ ಶುರುವಾಗುವ ಹೊತ್ತಿಗೆ ಸರಿಯಾಗಿ ಓಲ್ಡ್ ವಿಕ್‌ನ ಒಡತಿಯಂತಿದ್ದ ಲಿಲಿಯನ್ ಬೇಲಿಸ್ ತೀರಿಕೊಂಡು, ನಂಬುವವರಿಗೆ ಇನ್ನೊಂದು ಪುರಾವೆ ಸಿಕ್ಕಿತು. ಇದಾಗಿ ಮೂರು ವರ್ಷ ಕಳೆಯುವಷ್ಟರಲ್ಲಿ ‘ರೆಬೆಕ್ಕಾ’ ಬಂತು. ಅಲ್ಲಿ ಮ್ಯಾಂಡರ್ಲಿಯ ಯಜಮಾನ ಇದೇ ಒಲಿವಿಯೆ. ರಂಗದಲ್ಲಿ ಗಂಡನ ಕೈಗೆ ಕಠಾರಿ ಕೊಟ್ಟು ರಾಜ್ಯ ಗೆಲ್ಲಿಸಿದವಳು ತೆರೆಯಲ್ಲಿ ಅದೇ ಗಂಡನ ಮನೆಯ ಬೀಗದ ಕೈ ಕಾಯುವವಳಾದಳು. ಆದರೆ ಡ್ಯಾನ್ವರ್ಸಳ ಕಣ್ಣನ್ನು ನೋಡಿದರೆ, ಪದವಿ ಹೋದ ಸುದ್ದಿ ಆ ಲೇಡಿಗೆ ಇನ್ನೂ ತಲುಪಿಲ್ಲವೆಂದೇ ತೋರುತ್ತದೆ.

ಆ ವರ್ಷದ ಅತ್ಯುತ್ತಮ ಚಿತ್ರವೆಂಬ ಆಸ್ಕರ್ ‘ರೆಬೆಕ್ಕಾ’ಕ್ಕೆ ಬಂತು. ಪೋಷಕನಟಿಯ ವಿಭಾಗದಲ್ಲಿ ಆ್ಯಂಡರ್ಸನ್ ಹೆಸರು ನಾಮನಿರ್ದೇಶನಗೊಂಡಿತ್ತು; ಪ್ರಶಸ್ತಿ ಜೇನ್ ಡಾರ್ವೆಲ್ ಅವರ ಪಾಲಾಯಿತು. ಡಾರ್ವೆಲ್ ಅವರದು ಬರಗಾಲದಲ್ಲಿ ಸಂಸಾರವನ್ನು ಕಟ್ಟಿಹಿಡಿದ ತಾಯಿಯ ಪಾತ್ರ. ತಾಯ್ತನದ ಎದುರು ಕೇಡಿತನ ಸ್ಪರ್ಧೆಗೆ ನಿಂತರೆ ತೀರ್ಪು ಹೀಗೇ ಆಗುವುದು ಲೋಕರೂಢಿ, ಅದರಲ್ಲಿ ಅನ್ಯಾಯವೇನೂ ನನಗೆ ಕಾಣುವುದಿಲ್ಲ.

ತಾಯ್ತನವನ್ನೇ ಕೇಡಿಗೆ ತಿರುಗಿಸುವ ಪಾತ್ರ ಆಕೆಯನ್ನು ಕಾಯುತ್ತಿತ್ತು. ಕ್ಯಾಲಿಫೋರ್ನಿಯದ ಕಾರ್ಮೆಲ್‌ನಲ್ಲಿ ಕಡಲಿಗೆ ಮುಖ ಮಾಡಿ ಬದುಕುತ್ತಿದ್ದ ಕವಿ ರಾಬಿನ್ಸನ್ ಜೆಫರ್ಸ್, ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡಿಸ್‌ನ ‘ಮೀಡಿಯಾ’ವನ್ನು ಆ್ಯಂಡರ್ಸನ್ ಅವರಿಗೆಂದೇ ಇಂಗ್ಲಿಷಿನಲ್ಲಿ ಹೊಸದಾಗಿ ಬರೆದುಕೊಟ್ಟರು. 1947ರ ಅಕ್ಟೋಬರ್ 20ರಂದು ಬ್ರಾಡ್‌ವೇಯಲ್ಲಿ ತೆರೆ ಎದ್ದಿತು. ನಿರ್ದೇಶನ ಗೀಲ್ಗುಡ್ ಅವರದು, ಕೈಬಿಟ್ಟ ಗಂಡ ಜೇಸನ್‌ನ ಪಾತ್ರವೂ ಅವರದೇ. ತನ್ನ ನಾಡು, ತಂದೆ, ತಮ್ಮ ಎಲ್ಲವನ್ನೂ ಜೇಸನ್‌ಗಾಗಿ ಕಳೆದುಕೊಂಡು ಪರದೇಶಕ್ಕೆ ಬಂದವಳು, ಅವನು ರಾಜನ ಮಗಳನ್ನು ವರಿಸಹೊರಟಾಗ ಆ ಹೊಸ ವಧುವನ್ನೂ ತನ್ನ ಇಬ್ಬರು ಮಕ್ಕಳನ್ನೂ ಕೊಲ್ಲುವ ಕತೆ ಅದು. ಮನೆಯ ಹಿರಿಯನು ಬಿಟ್ಟುಹೋಗುವುದೆಂದರೇನು ಎಂಬುದು ಅಡಿಲೇಡಿನ ಆ ಅಂಗಡಿಮನೆಯಲ್ಲಿ ಬೆಳೆದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಭಿನಯಕ್ಕೂ ಬಾಲ್ಯಕ್ಕೂ ಹೀಗೆ ನೇರ ಗಂಟು ಹಾಕುವುದು ವಿಮರ್ಶಕರ ಚಪಲ, ಆದ್ದರಿಂದ ನಾನು ಅದನ್ನು ಎಳೆಯಲು ಹೋಗುವುದಿಲ್ಲ. ನಾಟಕ 214 ಪ್ರದರ್ಶನ ಕಂಡಿತು. ಬ್ರಾಡ್‌ವೇ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಯನ್ನು 1948ರಲ್ಲಿ ಆಕೆ ಕ್ಯಾಥರೀನ್ ಕಾರ್ನೆಲ್ ಮತ್ತು ಜೆಸ್ಸಿಕಾ ಟ್ಯಾಂಡಿ ಅವರೊಂದಿಗೆ ಹಂಚಿಕೊಂಡರು. ‘ಮೀಡಿಯಾ’ ಬರ್ಲಿನ್ನಿಗೆ ಹೋಯಿತು, 1955ರಲ್ಲಿ ಆಸ್ಟ್ರೇಲಿಯಕ್ಕೂ ಬಂತು. ಪ್ರೇಕ್ಷಕರನ್ನು ನಡುಗಿಸಿದ್ದು ಇಲ್ಲಿ ಮೌನವಲ್ಲ, ಅಬ್ಬರ. ಡ್ಯಾನ್ವರ್ಸಳಲ್ಲಿ ಬೂದಿ ಮುಚ್ಚಿದ್ದ ಕೆಂಡ ಇಲ್ಲಿ ಬಯಲಿಗೆ ಬಿದ್ದು ಉರಿಯಿತು. ಡ್ಯಾನ್ವರ್ಸಳ ನಿಲುವು ಏಕೆ ಹೆದರಿಸುತ್ತದೆಂಬುದಕ್ಕೆ ನಾನು ಕಂಡುಕೊಂಡ ಕಾರಣ ಇಷ್ಟೇ: ಆ ನಿಂತ ಹೆಂಗಸಿಗೆ ಕೂಗುವುದು ಬರುತ್ತದೆ, ಬೇಕೆಂದೇ ಕೂಗುತ್ತಿಲ್ಲ. ಕೂಗಲಾರದವರ ಮೌನಕ್ಕೆ ಈ ಅಂಚು ಇರುವುದಿಲ್ಲ.

ಲೇಡಿ ಮ್ಯಾಕ್‌ಬೆತ್ ಪಾತ್ರವನ್ನು ಆಕೆ ಮಾರಿಸ್ ಎವನ್ಸ್ ಜೊತೆ ದೂರದರ್ಶನಕ್ಕಾಗಿ ಎರಡು ಸಲ ಮಾಡಿ, ಒಂದೇ ಪಾತ್ರಕ್ಕೆ ಎರಡು ಸಲ ಎಮ್ಮಿ ಎಂಬ ಟಿವಿ ಪ್ರಶಸ್ತಿ ಪಡೆದರು. ಮೊದಲನೆಯದು 1954ರ ಪ್ರಸಾರ, ಎರಡನೆಯದು ಸ್ಕಾಟ್ಲೆಂಡಿನಲ್ಲಿ ಚಿತ್ರೀಕರಿಸಿದ 1960ರದು. ಅದೇ 1960ರಲ್ಲಿ ಬ್ರಿಟನ್ನಿನ ಡೇಮ್ ಪದವಿ ಸಿಕ್ಕಿತು. ಡೇಮ್ ಎನಿಸಿಕೊಂಡ ಆ ವರ್ಷವೇ ಜೆರ್ರಿ ಲೂಯಿಸ್‌ನ ಹಾಸ್ಯಚಿತ್ರವೊಂದರಲ್ಲಿ ಸಿಂಡರೆಲ್ಲಾ ಕತೆಯ ದುಷ್ಟ ಮಲತಾಯಿಯಾಗಿಯೂ ಬಂದರು. ಬಿರುದಿನ ಭಾರಕ್ಕೆ ಕುಗ್ಗುವ ಸ್ವಭಾವ ಅವರದಲ್ಲ.

ಎಪ್ಪತ್ಮೂರನೆಯ ವಯಸ್ಸಿನಲ್ಲಿ ಆಕೆ ಹ್ಯಾಮ್ಲೆಟ್ ಆದ ಪ್ರಸಂಗವನ್ನು ಅಮೆರಿಕದ ವಿಮರ್ಶಕರು ಇಂದಿಗೂ ಮುಸಿಮುಸಿ ನಗುತ್ತಲೇ ನೆನೆಯುತ್ತಾರೆ. ರಾಜಕುಮಾರನ ಉಡುಪಿನಲ್ಲಿ ಅಮೆರಿಕದ ಊರುಗಳನ್ನು ಸುತ್ತಿ, 1971ರ ಜನವರಿಯಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ಗೆ ಬಂದಾಗ ಪತ್ರಿಕೆಗಳು ಚೆನ್ನಾಗಿ ಝಾಡಿಸಿದವು. ಹೆಂಗಸು ಗಂಡಿನ ವೇಷ ಹಾಕಿದ್ದರ ಬಗ್ಗೆ ನಮಗಂತೂ ಹುಬ್ಬೇರಿಸಲು ಕಾರಣವಿಲ್ಲ. ಮೈಸೂರಿನ ಆರ್. ನಾಗರತ್ನಮ್ಮನವರು ಬರೀ ಹೆಂಗಸರ ‘ಸ್ತ್ರೀ ನಾಟಕ ಮಂಡಳಿ’ ಕಟ್ಟಿ, ತಾವೇ ಕಂಸನಾಗಿ ಮೀಸೆ ತಿರುವಿ ಅಬ್ಬರಿಸಿದ್ದನ್ನು ಕಂಡ ನಾಡು ಇದು. ಹ್ಯಾಮ್ಲೆಟ್ ವೇಷವನ್ನು ಆ್ಯಂಡರ್ಸನ್‌ಗಿಂತ ಬಹಳ ಮೊದಲೇ, 1899ರಲ್ಲಿ, ಫ್ರಾನ್ಸಿನ ಸಾರಾ ಬರ್ನ್‌ಹಾರ್ಟ್ ಕೂಡ ಹಾಕಿದ್ದರು. ತೊಡಕಾದದ್ದು ವೇಷವಲ್ಲ, ವಯಸ್ಸು. ಹಾಗಿದ್ದರೂ, ಒಂದು ಕಾಲಕ್ಕೆ ಹ್ಯಾಮ್ಲೆಟ್‌ನ ತಾಯಿಯಾಗಿ ಪಕ್ಕದಲ್ಲಿ ನಿಂತು ಅವನ ಸ್ವಗತಗಳನ್ನು ಕೇಳಿಸಿಕೊಂಡವಳಿಗೆ ಒಮ್ಮೆ ತಾನೇ ಅವನ್ನು ಹೇಳಿಬಿಡಬೇಕೆನಿಸಿದ್ದು ಸಹಜವಲ್ಲವೆ? ಸೋತರೂ ಆ ಆಸೆಯ ಬಗ್ಗೆ ನನಗೆ ಗೌರವವಿದೆ.

1982ರಲ್ಲಿ ‘ಮೀಡಿಯಾ’ ಮತ್ತೆ ಬ್ರಾಡ್‌ವೇಗೆ ಬಂತು. ಈ ಸಲ ಮೀಡಿಯಾ ಆದವರು ಮೆಲ್ಬರ್ನಿನಲ್ಲಿ ಹುಟ್ಟಿದ ಝೋಯಿ ಕಾಲ್ಡ್‌ವೆಲ್. ಎಂಬತ್ತೈದರ ಆ್ಯಂಡರ್ಸನ್ ಒಪ್ಪಿಕೊಂಡದ್ದು ಮುದಿ ದಾದಿಯ ಪಾತ್ರ. ನಾಟಕದ ಮೊದಲ ಮಾತು ದಾದಿಯದೇ. ಬರಲಿರುವ ಕೇಡನ್ನು ಅವಳು ಆಗಲೇ ಗುರುತಿಸಿರುತ್ತಾಳೆ. ಅಲ್ಲಿಂದ ಮುಂದೆ ತಾನು ಮೂವತ್ತೈದು ವರ್ಷದ ಹಿಂದೆ ಗುಡುಗಿದ ಮಾತುಗಳನ್ನು ತನ್ನ ಎದುರಿಗೇ ಇನ್ನೊಬ್ಬಳು ಗುಡುಗುವಾಗ ನಿಂತು ಕೇಳಬೇಕು, ಒಂದು ಸಂಜೆಯಲ್ಲ, ಪ್ರತಿ ಸಂಜೆ. ಸಾಮಾನ್ಯ ನಟರಾಗಿದ್ದರೆ ತುಟಿಯಾದರೂ ಅಲುಗುತ್ತಿತ್ತು. ಆ ವರ್ಷದ ಟೋನಿ ಪ್ರಶಸ್ತಿ ಕಾಲ್ಡ್‌ವೆಲ್ ಅವರಿಗೆ ಬಂತು. ಪಕ್ಕದಲ್ಲಿ ನಿಂತವರ ಹೆಸರೂ ಪೋಷಕ ಪಾತ್ರದ ನಾಮನಿರ್ದೇಶನದಲ್ಲಿ ಇತ್ತು.

ಎರಡು ವರ್ಷದ ಬಳಿಕ ಆಕೆ ‘ಸ್ಟಾರ್ ಟ್ರೆಕ್’ ಸರಣಿಯ ಮೂರನೆಯ ಚಿತ್ರದಲ್ಲಿ ವಲ್ಕನ್ ಗ್ರಹದ ಮಹಾಪೂಜಾರಿಣಿಯಾಗಿ ಚೂಪು ಕಿವಿ ಅಂಟಿಸಿಕೊಂಡು ನಿಂತರು. ಆ ಚಿತ್ರವನ್ನು ನೋಡಿದ ಹುಡುಗರಲ್ಲಿ ಎಷ್ಟೋ ಮಂದಿಗೆ ಆಕೆ ಯಾರೆಂದು ಗೊತ್ತಿರಲಾರದು, ಆದರೆ ಅಲ್ಲಿ ಯಾರ ಮಾತು ನಡೆಯುತ್ತದೆಂಬುದನ್ನು ಯಾರೂ ಅವರಿಗೆ ಹೇಳಬೇಕಾಗಿರಲಿಲ್ಲ. ಅದೇ 1984ರಲ್ಲಿ ತಮ್ಮೂರಾದ ಕ್ಯಾಲಿಫೋರ್ನಿಯದ ಸಾಂಟಾ ಬಾರ್ಬರಾದ ಹೆಸರನ್ನೇ ಇಟ್ಟುಕೊಂಡ ಹಗಲು ಧಾರಾವಾಹಿಯೊಂದರಲ್ಲಿ ಮಿಂಕ್ಸ್ ಎಂಬ ಶ್ರೀಮಂತ ಅಜ್ಜಿಯ ಪಾತ್ರಕ್ಕೆ ಸಹಿ ಹಾಕಿದರು. ಅಂಥ ಧಾರಾವಾಹಿಗಳನ್ನು ಮನೆಯಲ್ಲಿ ಕೂತು ತಪ್ಪದೆ ನೋಡುವ ಅಭ್ಯಾಸ ಡೇಮ್ ಜುಡಿತ್ ಅವರಿಗೆ ಮೊದಲಿನಿಂದಲೂ ಇತ್ತಂತೆ. ಮೂರು ವರ್ಷ ಆ ಪಾತ್ರದಲ್ಲಿದ್ದರೂ ಒಂದು ದೂರನ್ನು ಮಾತ್ರ ಅವರು ಬಿಡಲಿಲ್ಲ: ತೆರೆಯ ಮೇಲೆ ತನಗೆ ಕೊಡುತ್ತಿರುವ ಹೊತ್ತು ಸಾಲದು, ಇನ್ನೂ ಕೆಲಸ ಬೇಕು.