ಚಿದ್ಕೀಯ ಹೆದರಿದ್ದು ಬಾಬೆಲ್ ಸೈನ್ಯಕ್ಕಲ್ಲ

ಬೈಬಲಿನ ಯೆರೆಮೀಯ ಪುಸ್ತಕದ 38ನೇ ಅಧ್ಯಾಯದ ಮೇಲೆ ಪ್ರಸಂಗ ಅಂದ್ರೆ ಮುಕ್ಕಾಲು ಪಾಲು ಸಲ ಬಾವಿ ಕಥೆನೇ. ಪ್ರವಾದಿ ಯೆರೆಮೀಯನ್ನ ನೀರಿಲ್ದೆ ಬರೀ ಕೆಸರಿದ್ದ ಬಾವಿಗೆ ಇಳಿಸಿದ್ರು, ಅರಮನೆಯ ಸೇವಕ, ಕೂಷ್ ದೇಶದ ಎಬೆದ್ಮೆಲೆಕ ಹಳೇ ಚಿಂದಿ ಬಟ್ಟೆ ಕೊಟ್ಟು ಕಂಕುಳಿಗೆ ಇಟ್ಕೊಳ್ಳಪ್ಪಾ ಅಂತ ಹೇಳಿ ಹಗ್ಗದಲ್ಲಿ ಮೇಲಕ್ಕೆಳೆಸಿದ, ದೇವರು ತನ್ನವರನ್ನ ಕೈಬಿಡಲ್ಲ, ಆಮೆನ್, ಕಾಣಿಕೆ ಹಾಡು. ಚೆನ್ನಾಗಿದೆ, ಬೇಡ ಅಂತಿಲ್ಲ. ಆದ್ರೆ ಆ ಅಧ್ಯಾಯದ ಜೀವ ಇರೋದು ಅದಾದ್ಮೇಲೆ, 14ನೇ ವಚನದಿಂದ, ದೇವಾಲಯದ ಮೂರನೇ ಬಾಗಿಲ ಹತ್ರ ಒಬ್ಬ ರಾಜ ಒಬ್ಬ ಕೈದಿ, ಅಂದ್ರೆ ಯೆಹೂದದ ರಾಜ ಚಿದ್ಕೀಯ ಮತ್ತು ಯೆರೆಮೀಯ, ಗುಟ್ಟಾಗಿ ಮಾತಾಡ್ತಾರಲ್ಲ ಅಲ್ಲಿ. ಅದನ್ನ ಯಾರೂ ನಿಧಾನವಾಗಿ ಓದ್ಸಲ್ಲ. ಓದ್ಸಿದ್ರೂ 'ಅವಿಧೇಯ ರಾಜ, ನಾಶವಾದ' ಅಂತ ಒಂದೇ ಸಾಲಲ್ಲಿ ಮುಗಿಸ್ಬಿಡ್ತಾರೆ.

ನಂಗೆ ಹೇಳ್ಬೇಕಿರೋದು ಇಷ್ಟೇ. ಚಿದ್ಕೀಯ ನಂಬಿಕೆ ಇಲ್ದೋನಲ್ಲ. ಯೆರೆಮೀಯ ನಿಜವಾದ ಪ್ರವಾದಿ ಅಂತ ಅವನಿಗೆ ಗೊತ್ತಿತ್ತು, ಏನು ಮಾಡ್ಬೇಕು ಅನ್ನೋದೂ ಗೊತ್ತಿತ್ತು, ತಡೆದಿದ್ದು ನಾಲ್ಕು ಜನ ಏನಂತಾರೋ ಅನ್ನೋ ಭಯ. ಯೆರೂಸಲೇಮ್ ಪಟ್ಟಣದ ಹೊರಗಡೆ ಬಾಬೆಲಿನ ಅಷ್ಟು ದೊಡ್ಡ ಸೈನ್ಯ ಕೂತಿದ್ರೂ ಅವನ ಬಾಯಿಂದ ಬರೋ ಭಯ ಆ ಸೈನ್ಯದ ಬಗ್ಗೆ ಅಲ್ಲವೇ ಅಲ್ಲ.

ಹಿನ್ನೆಲೆ ಸ್ವಲ್ಪ ಹೇಳ್ತೀನಿ, ಇದಿಲ್ದಿದ್ರೆ ಆ ರಾಜನ ಪರಿಸ್ಥಿತಿ ಅರ್ಥ ಆಗಲ್ಲ. ಯೋಷೀಯ ರಾಜನ ಮಗ ಇವನು, ಹುಟ್ಟು ಹೆಸರು ಮತ್ತನ್ಯ. ಕ್ರಿ.ಪೂ. 597ರಲ್ಲಿ ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಮುತ್ತಿಗೆ ಹಾಕಿದಾಗ ಸಿಂಹಾಸನದಲ್ಲಿ ಇದ್ದಿದ್ದು ಇವನ ಅಣ್ಣನ ಮಗ ಯೆಹೋಯಾಖೀನ, ಹದಿನೆಂಟು ವರ್ಷದ ಹುಡುಗ, ಪಟ್ಟಕ್ಕೆ ಬಂದು ಬರೀ ಮೂರು ತಿಂಗಳು. ಆ ಹುಡುಗ ಹೊರಗೆ ಬಂದು ಶರಣಾದ, ಅವನನ್ನ ಬಾಬೆಲಿಗೆ ಒಯ್ದ್ರು, ಈ ಚಿಕ್ಕಪ್ಪನಿಗೆ ಚಿದ್ಕೀಯ ಅಂತ ಹೊಸ ಹೆಸರಿಟ್ಟು ಕೂರಿಸಿದ್ರು. ಇದು ಬೈಬಲ್ ಒಂದೇ ಹೇಳೋ ಮಾತಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರೋ ಬಾಬೆಲಿನವರ ಮಣ್ಣಿನ ಫಲಕದಲ್ಲೂ ಇದೆ: ಅದಾರ್ ತಿಂಗಳ ಎರಡನೇ ದಿನ ಪಟ್ಟಣ ಹಿಡಿದ್ರು, ಅಲ್ಲಿನ ರಾಜನ ಸೆರೆಹಿಡಿದ್ರು, ತಮಗೆ ಬೇಕಾದ ರಾಜನ್ನ ಕೂರಿಸಿ ಭಾರಿ ಕಪ್ಪ ತಗೊಂಡು ಹೋದ್ರು ಅಂತ. ಹೆಸರು ಬರೆದಿಲ್ಲ ಅಷ್ಟೆ. ಆ 'ಬೇಕಾದ ರಾಜ'ನೇ ನಮ್ಮ ಚಿದ್ಕೀಯ, ಆಗ ಅವನಿಗೆ 21 ವರ್ಷ.

ಈಗ ಯೋಚ್ನೆ ಮಾಡಿ. ಕುರ್ಚಿ ಕೊಟ್ಟೋನು ಶತ್ರು. ನಿಜವಾದ ರಾಜ ಅಂತ ಎಷ್ಟೋ ಜನ ಅಂದ್ಕೊಂಡಿರೋ ಅಣ್ಣನ ಮಗ ಬಾಬೆಲಲ್ಲಿ ಜೀವಂತ ಇದ್ದಾನೆ, ಎರಡೇ ವರ್ಷದಲ್ಲಿ ವಾಪಸ್ ಬರ್ತಾನೆ ಅಂತ ಹನನ್ಯ ಅನ್ನೋ ಪ್ರವಾದಿ ದೇವಾಲಯದಲ್ಲೇ ನಿಂತು ಘೋಷಣೆ ಮಾಡ್ತಾನೆ, ಯೆರೆಮೀಯ ಕುತ್ತಿಗೆಗೆ ಹಾಕ್ಕೊಂಡಿದ್ದ ಮರದ ನೊಗ ಕಿತ್ತು ಮುರಿದೂ ಹಾಕ್ತಾನೆ (ಜನಕ್ಕೆ ಯಾವ ಪ್ರವಾದಿ ಇಷ್ಟ ಆಗಿರ್ತಾನೆ ಅಂತ ಬೇರೆ ಹೇಳ್ಬೇಕಾ). ಅನುಭವ ಇದ್ದೋರು, ಕುಶಲಕರ್ಮಿಗಳು ಎಲ್ಲ ಮೊದಲ ಸೆರೆಯಲ್ಲೇ ಬಾಬೆಲಿಗೆ ಹೋಗಾಗಿದೆ, ಉಳಿದಿರೋ ಅಧಿಕಾರಿಗಳು ಐಗುಪ್ತದ (ಈಜಿಪ್ಟಿನ) ಕಡೆ ಮುಖ ಮಾಡಿ ಕೂತೋರು. ಅವರ ಮಾತು ಕೇಳಿ ಇವನು ದಂಗೆ ಎದ್ದ, ಅದೂ ದೇವರ ಹೆಸರಲ್ಲಿ ನೆಬೂಕದ್ನೆಚ್ಚರನಿಗೆ ಮಾಡಿದ್ದ ಆಣೆ ಮುರಿದು. ಮತ್ತೆ ಮುತ್ತಿಗೆ ಬಂತು.

34ನೇ ಅಧ್ಯಾಯ ಓದದೇ 38ಕ್ಕೆ ಬರ್ಬೇಡಿ ಅಂತ ನಾನು ಯಾವಾಗ್ಲೂ ಹೇಳೋದು. ಮುತ್ತಿಗೆ ಬಿಗಿಯಾದಾಗ ಚಿದ್ಕೀಯ ಒಂದು ಒಳ್ಳೆ ಕೆಲಸ ಮಾಡಿದ, ಎಲ್ರೂ ತಮ್ಮ ಇಬ್ರಿಯ ದಾಸ ದಾಸಿಯರನ್ನ ಬಿಟ್ಬಿಡ್ಬೇಕು ಅಂತ ಒಡಂಬಡಿಕೆ ಮಾಡ್ಸಿದ, ದೊಡ್ಡೋರೆಲ್ಲ ಒಪ್ಪಿದ್ರು, ಬಿಟ್ರು. ಅಷ್ಟರಲ್ಲಿ ಫರೋಹನ ಸೈನ್ಯ ಬರ್ತಿದೆ ಅಂತ ಸುದ್ದಿ ಬಂದು ಬಾಬೆಲಿನವರು ಮುತ್ತಿಗೆ ತೆಗೆದು ಆ ಕಡೆ ಹೋದ್ರು. ಅಪಾಯ ಹೋಯ್ತಲ್ಲ, ಬಿಟ್ಟಿದ್ದ ದಾಸರನ್ನ ಮತ್ತೆ ಹಿಡ್ಕೊಂಡು ಬಂದ್ರು. ರಾಜ ಅದನ್ನ ತಡೆದ ಅಂತ ಎಲ್ಲೂ ಇಲ್ಲ. ಯೆರೆಮೀಯ ಇದಕ್ಕೆ ಸಿಟ್ಟಾದಷ್ಟು ಬೇರೆ ಯಾವುದಕ್ಕೂ ಆಗಿಲ್ವೇನೋ ಅನ್ಸುತ್ತೆ ನಂಗೆ. ಪಾಪದ ಜನರನ್ನ ಬಿಡ್ತೀವಿ ಅಂತ ದೇವರ ಮುಂದೆ ಮಾತು ಕೊಟ್ಟು, ಭಯ ಇಳಿದ ತಕ್ಷಣ ವಾಪಸ್ ತಗೋಳೋದು ಅಂದ್ರೆ ಏನ್ರೀ. ರಾಜನಿಗೆ ಒಳ್ಳೇದು ಯಾವುದು ಅಂತ ಗೊತ್ತಾಗ್ತಿತ್ತು, ಮಾಡೋಕೂ ಶುರು ಮಾಡ್ತಿದ್ದ, ಗಟ್ಟಿಯಾಗಿ ನಿಲ್ಲೋದು ಅಂತ ಬಂದಾಗ ಮಾತ್ರ ಆಗ್ತಿರ್ಲಿಲ್ಲ.

ಅವನ ಅಣ್ಣ ಯೆಹೋಯಾಕೀಮನ ಜೊತೆ ಹೋಲಿಸಿ ನೋಡಿ. ಚಳಿಗಾಲದ ಮನೆಲಿ ಬೆಂಕಿ ಕಾಯಿಸ್ತಾ ಕೂತು, ಯೆರೆಮೀಯನ ಬರಹಗಾರ ಬಾರೂಕ ಬರೆದಿದ್ದ ಪ್ರವಾದಿಯ ಮಾತುಗಳ ಸುರುಳಿನ ಓದಿಸ್ಕೊಂಡು, ಓದಿದಷ್ಟೂ ಭಾಗ ಚೂರಿಲಿ ಕೊಯ್ದು ಬೆಂಕಿಗೆ ಹಾಕ್ದೋನು ಅವನು. ಚಿದ್ಕೀಯ ಅಂಥಾ ಕೆಲಸ ಮಾಡೋನಲ್ಲ. ಸುರುಳಿ ಸುಡಲ್ಲ, ಮತ್ತೆ ಮತ್ತೆ ಆಳು ಕಳಿಸಿ 'ಯೆಹೋವನಿಂದ ಏನಾದ್ರೂ ಮಾತು ಬಂತಾ' ಅಂತ ಕೇಳಿಸ್ತಾನೆ. ಯೆರೆಮೀಯ ಬೆನ್ಯಾಮೀನ್ ಬಾಗಿಲಲ್ಲಿ 'ಶತ್ರುಗಳ ಕಡೆ ಹೋಗ್ತಿದ್ದೀಯ' ಅನ್ನೋ ಆರೋಪದ ಮೇಲೆ ಸಿಕ್ಕಿಬಿದ್ದು ಏಟು ತಿಂದು, ಸೆರೆಮನೆ ಮಾಡಿದ್ದ ಯೋನಾತಾನನ ಮನೆಯ ನೆಲಮಾಳಿಗೆಲಿ ಕೊಳೀತಿದ್ದಾಗ್ಲೂ ರಾಜ ಗುಟ್ಟಾಗಿ ಕರೆಸಿ ಅದನ್ನೇ ಕೇಳ್ತಾನೆ. ಉತ್ತರ ಅದೇ ಹಳೇದು, ನೀನು ಬಾಬೆಲಿನ ಅರಸನ ಕೈಗೆ ಸಿಗ್ತೀಯ. ರಾಜನಿಗೆ ಸಿಟ್ಟು ಬರಲ್ಲ. ಆ ನೆಲಮಾಳಿಗೆಗೆ ವಾಪಸ್ ಕಳಿಸ್ಬೇಡ, ಅಲ್ಲೇ ಸತ್ತುಹೋಗ್ತೀನಿ ಅಂದಿದ್ದಕ್ಕೆ ಕಾವಲಿನ ಅಂಗಳಕ್ಕೆ ಹಾಕಿಸಿ, ಪಟ್ಟಣದಲ್ಲಿ ರೊಟ್ಟಿ ಇರೋವರೆಗೂ ದಿನಕ್ಕೊಂದು ರೊಟ್ಟಿ ರೊಟ್ಟಿಗಾರರ ಬೀದಿಯಿಂದ ತಂದು ಕೊಡಿ ಅಂತ ಆರ್ಡರ್ ಮಾಡ್ತಾನೆ. ಕೆಟ್ಟ ಮನುಷ್ಯ ಅಂತ ಹೇಗೆ ಹೇಳೋದು ಇವನನ್ನ?

ಆದ್ರೆ ಅದೇ ರಾಜ, ನಾಲ್ಕು ಜನ ಅಧಿಕಾರಿಗಳು ಬಂದು 'ಇವನು ಸೈನಿಕರ ಕೈ ಕುಗ್ಗಿಸ್ತಿದ್ದಾನೆ, ಸಾಯಿಸ್ಬೇಕು' ಅಂದಾಗ 'ನಿಮ್ಮ ಕೈಯಲ್ಲೇ ಇದ್ದಾನಲ್ಲ, ನಿಮ್ಮ ವಿರುದ್ಧ ರಾಜ ಏನೂ ಮಾಡೋಕಾಗಲ್ಲ' ಅಂತಾನೆ. ರಾಜನೊಬ್ಬ ತನ್ನ ಬಾಯಿಂದ್ಲೇ ಹೀಗೆ ಹೇಳೋದು ಎಂಥ ದುರವಸ್ಥೆ. ಆ ನಾಲ್ಕು ಜನ ಕಥೆಗೋಸ್ಕರ ಹುಟ್ಟಿಸಿದ ಪಾತ್ರಗಳಲ್ಲ. ಯೆರೂಸಲೇಮಿನ ದಾವೀದನ ಪಟ್ಟಣ ಅನ್ನೋ ಜಾಗದಲ್ಲಿ ಏಲಾತ್ ಮಜಾರ್ ಅನ್ನೋ ಪುರಾತತ್ವಜ್ಞೆ ಉತ್ಖನನ ಮಾಡಿಸಿದಾಗ 2005ರಲ್ಲಿ ಶೆಲೆಮ್ಯನ ಮಗ ಯೂಕಲ ಅಂತ ಹೆಸರಿರೋ ಜೇಡಿಮಣ್ಣಿನ ಮುದ್ರೆ ಸಿಕ್ತು, 2008ರಲ್ಲಿ ಪಷ್ಹೂರನ ಮಗ ಗೆದಲ್ಯನದ್ದೂ ಸಿಕ್ತು, ಎರಡೂ 38:1ರಲ್ಲಿರೋ ಹೆಸರುಗಳೇ.

ಆಮೇಲೆ ಎಬೆದ್ಮೆಲೆಕ ಬಂದು ಕೇಳಿದ್ರೆ ಅದಕ್ಕೂ ಒಪ್ಪಿಗೆ, ಮೂವತ್ತು ಜನರನ್ನ ಕರ್ಕೊಂಡು ಹೋಗಿ ಎತ್ತಿಸು ಅಂತ. ಕೊನೆಗೆ ಯಾರು ಬಂದು ಮಾತಾಡಿದ್ರೋ ಅವರದ್ದೇ ಗೆಲುವು, ಹಂಗಿತ್ತು ರಾಜನ ಮನಸ್ಸು.

ಸರಿ, ಈಗ ಆ ಮೂರನೇ ಬಾಗಿಲಿಗೆ ಬರೋಣ. 'ನಿನ್ನನ್ನ ಒಂದು ಮಾತು ಕೇಳ್ತೀನಿ, ನನ್ನಿಂದ ಏನೂ ಮುಚ್ಚಿಡ್ಬೇಡ' ಅಂತಾನೆ ರಾಜ. ಯೆರೆಮೀಯನೂ ಪೆದ್ದನಲ್ಲ, ಈಗಷ್ಟೇ ಕೆಸರಿಂದ ಎದ್ದು ಬಂದೋನು, 'ಹೇಳಿದ್ರೆ ಕೊಲ್ಲಿಸ್ತೀಯ, ಬುದ್ಧಿ ಹೇಳಿದ್ರೆ ಕೇಳಲ್ಲ' ಅಂತ ನೇರವಾಗಿ ಹೇಳ್ತಾನೆ. ರಾಜ ಆಣೆ ಮಾಡ್ತಾನೆ, ಅದೂ ಗುಟ್ಟಾಗಿ. ಆಗ ಪ್ರವಾದಿ ಹೇಳೋದು: ಹೊರಗೆ ಹೋಗಿ ಬಾಬೆಲಿನ ಸೇನಾಧಿಪತಿಗಳಿಗೆ ಶರಣಾಗು, ನಿನ್ನ ಜೀವ ಉಳಿಯುತ್ತೆ, ಪಟ್ಟಣ ಸುಟ್ಟುಹೋಗಲ್ಲ, ನೀನೂ ನಿನ್ನ ಮನೆಯೋರೂ ಬದುಕ್ತೀರ.

ಅದಕ್ಕೆ ರಾಜ ಕೊಡೋ ಉತ್ತರ ನೋಡಿ. ಈಗಾಗ್ಲೇ ಬಾಬೆಲಿನವರ ಕಡೆ ಸೇರ್ಕೊಂಡಿರೋ ಯೆಹೂದ್ಯರಿಗೆ ಹೆದರ್ತೀನಿ, ನನ್ನನ್ನ ಅವರ ಕೈಗೆ ಕೊಟ್ರೆ ಅವರು ನನ್ನ ಗೇಲಿ ಮಾಡಿ ಹಿಂಸೆ ಕೊಡ್ತಾರೆ! ನೆಬೂಕದ್ನೆಚ್ಚರ ಕಣ್ಣು ಕೀಳಿಸ್ತಾನೆ ಅನ್ನೋ ಭಯ ಇಲ್ಲ, ಹಸಿವಿನ ಭಯ ಇಲ್ಲ. ತನಗಿಂತ ಮುಂಚೆ ಶರಣಾದ ತನ್ನದೇ ಪ್ರಜೆಗಳು, ಯಾರನ್ನ ಇವನೇ ದ್ರೋಹಿಗಳು ಅಂತ ಕರೆಸಿರ್ತಾನೋ ಅವರು, 'ಏನ್ ಸ್ವಾಮಿ, ಈಗ ಬಂದ್ರಾ' ಅಂತ ನಕ್ರೆ ಹೇಗೆ ಅನ್ನೋ ಭಯ. ಪಟ್ಟಣ ಉಳಿಸ್ಬೋದಾದ ಒಂದು ಹೆಜ್ಜೆ, ಅದನ್ನ ನಿಲ್ಲಿಸಿದ್ದು ಮರ್ಯಾದೆ. ಅವನಿಗಾಗ 32ರ ಆಸುಪಾಸು ಅನ್ನೋದೂ ನೆನಪಿರ್ಲಿ.

ಇಲ್ಲಿ ಯೆರೆಮೀಯ ಗುಡುಗ್ತಾನೆ ಅಂತ ಅಂದ್ಕೊಳ್ತೀವಿ, ಪ್ರವಾದಿಗಳಂದ್ರೆ ನಮಗೆ ಯಾವಾಗ್ಲೂ ಗುಡುಗೋರು. ಗುಡುಗಲ್ಲ. ಮೊದಲು ಆ ಭಯಕ್ಕೆ ಉತ್ತರ ಕೊಡ್ತಾನೆ, ಇಲ್ಲ, ನಿನ್ನನ್ನ ಅವರ ಕೈಗೆ ಕೊಡಲ್ಲ ಅಂತ. ಆಮೇಲೆ ದಮ್ಮಯ್ಯ ಅನ್ನೋ ಥರ ಕೇಳ್ಕೊಳ್ತಾನೆ, ನಾನು ಹೇಳ್ತಿರೋ ಯೆಹೋವನ ಮಾತಿಗೆ ಕಿವಿಗೊಡು, ನಿನಗೆ ಒಳ್ಳೇದಾಗುತ್ತೆ, ಪ್ರಾಣ ಉಳಿಯುತ್ತೆ. ತನ್ನನ್ನ ಸಾಯೋಕೆ ಬಿಟ್ಟುಕೊಟ್ಟ ಮನುಷ್ಯನ ಹತ್ರ ಈ ಧಾಟಿಲಿ ಮಾತಾಡ್ತಿದ್ದಾನೆ. ಕೇಳ್ದೆ ಹೋದ್ರೆ ಏನಾಗುತ್ತೆ ಅಂತ ಕಡೆಗೆ ಹೇಳ್ತಾನೆ: ನಿನ್ನ ಅರಮನೆಯ ಹೆಂಗಸರನ್ನೇ ಹೊರಗೆ ಎಳ್ಕೊಂಡು ಹೋಗ್ತಾರೆ, ಅವರೇ ಹಾಡ್ತಾರೆ, ನಿನ್ನ ಆಪ್ತ ಸ್ನೇಹಿತರು ನಿನ್ನ ಮೋಸ ಮಾಡಿ ಗೆದ್ರು, ನಿನ್ನ ಕಾಲು ಕೆಸರಲ್ಲಿ ಹೂತಾಗ ನಿನ್ನ ಬಿಟ್ಟು ಹೊರಟೇ ಹೋದ್ರು ಅಂತ. ಅಂದ್ರೆ ನೀನು ಯಾವ ಗೇಲಿಗೆ ಹೆದರ್ತಿದ್ದೀಯೋ ಅದು ಹೊರಗಡೆಯಿಂದಲ್ಲ, ನಿನ್ನ ಮನೆ ಒಳಗಿಂದ್ಲೇ ಬರುತ್ತೆ ಅಂತ. ಕೆಸರಿನ ಮಾತನ್ನ ಯೆರೆಮೀಯನ ಬಾಯಲ್ಲೇ ಕೇಳಿದಾಗ ರಾಜನಿಗೆ ಏನನ್ಸಿರ್ಬೋದು.

ಈಗ ನನ್ನ ಜಗಳ. ಈ ಭಾಗನ ಇಟ್ಕೊಂಡು 'ವಿಧೇಯರಾಗಿ' ಅಂತ ಪ್ರಸಂಗ ಮಾಡ್ತಾರಲ್ಲ, ಬಹಳಷ್ಟು ಸಲ ಅದು ಜಾರಿ ಜಾರಿ ಕೊನೆಗೆ ಸಭೆಯ ನಾಯಕರಿಗೆ ವಿಧೇಯರಾಗಿ, ಪ್ರಶ್ನೆ ಕೇಳ್ಬೇಡಿ ಅನ್ನೋ ಕಡೆ ಬಂದು ನಿಲ್ಲುತ್ತೆ. ತಪ್ಪು ಸ್ವಾಮಿ ಅದು. ಇಲ್ಲಿ ವಿಧೇಯನಾಗು ಅಂತ ಹೇಳ್ತಿರೋನ ಕೈಯಲ್ಲಿ ಅಧಿಕಾರ ಇಲ್ಲ, ಸಂಬಳ ಇಲ್ಲ, ಅವನೇ ಕೈದಿ, ರಾಜ ಒಪ್ಪಿದ್ರೂ ಅವನಿಗೆ ಸಿಗೋ ಲಾಭ ಏನೂ ಇಲ್ಲ. ಅಧಿಕಾರ ಇದ್ದ, ಬಹುಮತ ಇದ್ದ, ದೇವಾಲಯದ ಬೆಂಬಲನೂ ಇದ್ದ ಧ್ವನಿಗಳೆಲ್ಲ ಆ ಕಡೆ ಇದ್ವು. ರಾಜ ಅವರಿಗೇ ವಿಧೇಯನಾಗಿದ್ದು!

ಇನ್ನೊಂದು ಮಾತು, ಇದು ಕೆಲವರಿಗೆ ಹಿಡಿಸಲ್ಲ ಗೊತ್ತು. ಯುದ್ಧ ನಡೀತಿರುವಾಗ ಶತ್ರುಗೆ ಶರಣಾಗಿ ಅಂತ ಬೀದಿಲಿ ಹೇಳೋನನ್ನ ಯಾವ ಕಾಲದಲ್ಲಾದ್ರೂ ಏನಂತ ಕರೀತಾರೆ? ದೇಶದ್ರೋಹಿ. ಆ ಅಧಿಕಾರಿಗಳ ಜಾಗದಲ್ಲಿ ನಿಂತ್ರೆ ಅವರ ಸಿಟ್ಟು ಅರ್ಥ ಆಗುತ್ತೆ. 1935ರಲ್ಲಿ ಯೆಹೂದದ ಲಾಕೀಷ್ ಕೋಟೆಯ ಬಾಗಿಲ ಹತ್ರ ಮಡಕೆ ಚೂರುಗಳ ಮೇಲೆ ಇಂಕಲ್ಲಿ ಬರೆದ ಪತ್ರಗಳು ಸಿಕ್ವು, ಇದೇ ಕಾಲದವು. ಅದರಲ್ಲೊಂದು ಪತ್ರದಲ್ಲಿ ಇಂಥದ್ದೇ ದೂರಿದೆ, ಈ ಮಾತುಗಳು ಒಳ್ಳೇದಲ್ಲ, ಜನರ ಕೈ ಕುಗ್ಗಿಸ್ತವೆ ಅಂತ. ಇನ್ನೊಂದರಲ್ಲಿ ನಾವು ಲಾಕೀಷಿನ ಬೆಂಕಿ ಸಿಗ್ನಲ್ ನೋಡ್ತಾ ಇದ್ದೀವಿ, ಇನ್ನೊಂದು ಕೋಟೆ ಅಜೇಕದ್ದು ಕಾಣ್ತಿಲ್ಲ ಅಂತ ಬರೆದಿದ್ದಾನೆ ಒಬ್ಬ. ಅಂಥ ದಿನಗಳವು. ಆದ್ರೆ ಯೆರೆಮೀಯ ಬಾಬೆಲಿನ ಏಜೆಂಟ್ ಆಗಿದ್ರೆ ಮುತ್ತಿಗೆಯ ನಡುವೆ ಕಾವಲಿನ ಅಂಗಳದಲ್ಲಿ ಕೂತ್ಕೊಂಡು ತನ್ನೂರು ಅನಾತೋತಿನ ಹೊಲನ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು ಪತ್ರ ಮಾಡಿಸ್ಕೊಂಡು ಯಾಕೆ ಖರೀದಿ ಮಾಡ್ತಿದ್ದ? ಪಟ್ಟಣ ಬಿದ್ಮೇಲೆ ಬಾಬೆಲಿಗೆ ಬಾ, ಚೆನ್ನಾಗಿ ನೋಡ್ಕೊಳ್ತೀನಿ ಅಂತ ಬಾಬೆಲಿನ ಸೇನಾಧಿಪತಿ ನೆಬೂಜರದಾನ ಕರೆದ್ರೂ ಹೋಗದೆ ಅಳಿದುಳಿದ ಬಡವರ ಜೊತೆ ಯಾಕೆ ಉಳ್ಕೊಂಡ? ನೆಲ ಬಿಟ್ಟುಕೊಡು ಅಂತ ಅವನು ಹೇಳಿದ್ದಲ್ಲ, ಆಣೆ ಉಳಿಸ್ಕೋ, ಜನರನ್ನ ಉಳಿಸು ಅಂತ ಹೇಳಿದ್ದು.

ರಾಜ ಏನು ಮಾಡಿದ? ಹೂಂ ಅನ್ಲಿಲ್ಲ, ಊಹೂಂ ಅನ್ಲಿಲ್ಲ. 'ಈ ಮಾತುಕತೆ ಯಾರಿಗೂ ಗೊತ್ತಾಗ್ಬಾರ್ದು, ಅಧಿಕಾರಿಗಳು ಕೇಳಿದ್ರೆ ಯೋನಾತಾನನ ಮನೆಗೆ ವಾಪಸ್ ಕಳಿಸ್ಬೇಡ ಅಂತ ಬೇಡ್ಕೊಂಡೆ ಅಂತ ಹೇಳು' ಅಂದ. ಇದನ್ನ ಓದಿದಾಗೆಲ್ಲ ನಂಗೆ ಸಿಟ್ಟೂ ಬರುತ್ತೆ ಅಯ್ಯೋ ಅನ್ಸುತ್ತೆ. ಆ ಅಧಿಕಾರಿಗಳು ಬಂದು ಕೇಳೇ ಕೇಳಿದ್ರು, ಯೆರೆಮೀಯ ರಾಜ ಹೇಳ್ಕೊಟ್ಟ ಹಾಗೇ ಹೇಳಿದ. ಪ್ರವಾದಿ ಸುಳ್ಳು ಹೇಳ್ಬೋದಾ ಅಂತ ಬೈಬಲ್ ಸ್ಟಡಿಗಳಲ್ಲಿ ಜಗ್ಗಾಡ್ತಾರೆ. ಆ ಬೇಡಿಕೆ ಅವನು ಮುಂಚೆ ಮಾಡಿದ್ದೇ, 37ರಲ್ಲಿದೆ, ಹಾಗಾಗಿ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜಾನೂ ಅಲ್ಲ. ಬಿಡಿ, ಆ ಹೆದರಿದ ಮನುಷ್ಯನ ಗುಟ್ಟು ಕಾಪಾಡಿದ ಅಷ್ಟೆ.

ಮುಂದಿನದು ಗೊತ್ತಿರೋದೇ. ಗೋಡೆ ಒಡೆದ ರಾತ್ರಿ ರಾಜ ತನ್ನ ತೋಟದ ಹತ್ರದ ಬಾಗಿಲಿಂದ ಓಡಿದ, ಯೆರಿಕೋ ಬಯಲಲ್ಲಿ ಸಿಕ್ಕಿಬಿದ್ದ, ಜೊತೆಗಿದ್ದ ಸೈನಿಕರು ದಿಕ್ಕಿಗೊಬ್ರು ಓಡಿಹೋಗಿದ್ರು. ನೆಬೂಕದ್ನೆಚ್ಚರ ಬಿಡಾರ ಹೂಡಿದ್ದ ರಿಬ್ಲದಲ್ಲಿ ಅವನ ಕಣ್ಣೆದುರೇ ಮಕ್ಕಳನ್ನ ಕೊಂದು ಆಮೇಲೆ ಕಣ್ಣು ಕಿತ್ತು ಕಂಚಿನ ಸಂಕೋಲೆ ಹಾಕಿ ಒಯ್ದ್ರು. ಒಂದು ತಿಂಗಳ ಮೇಲೆ ದೇವಾಲಯ, ಅರಮನೆ, ಮನೆಗಳಿಗೆಲ್ಲ ಬೆಂಕಿ.

'ಶರಣಾಗಿದ್ರೂ ಅದೇ ಗತಿ ಆಗ್ತಿತ್ತು, ಪ್ರವಾದಿ ಮಾತು ನಂಬೋಕೆ ರಾಜನಿಗೆ ಏನು ಆಧಾರ ಇತ್ತು' ಅಂತ ಫ್ರೆಂಡೊಬ್ರು ವಾದ ಮಾಡ್ತಾರೆ. ಇತ್ತಲ್ಲ ಆಧಾರ, ಸ್ವಂತ ಅಣ್ಣನ ಮಗನೇ ಆಧಾರ. 597ರಲ್ಲಿ ಯೆಹೋಯಾಖೀನ ಶರಣಾದಾಗ ಪಟ್ಟಣ ಸುಡ್ಲಿಲ್ಲ. ಬಾಬೆಲಿನ ಅವಶೇಷಗಳಲ್ಲಿ ಸಿಕ್ಕಿ 1939ರಲ್ಲಿ ಪ್ರಕಟವಾದ ರೇಷನ್ ಲೆಕ್ಕದ ಫಲಕಗಳಲ್ಲಿ ಯೆಹೂದದ ರಾಜನಿಗೆ ಇಷ್ಟು ಎಣ್ಣೆ, ಅವನ ಐದು ಗಂಡುಮಕ್ಕಳಿಗೆ ಇಷ್ಟು ಅಂತ ಬರೆದಿದೆ, ಅದರಲ್ಲೊಂದು ಕ್ರಿ.ಪೂ. 592ರದ್ದು, ಅಂದ್ರೆ ಚಿದ್ಕೀಯ ಇನ್ನೂ ಯೆರೂಸಲೇಮಲ್ಲಿ ಆಳ್ತಿದ್ದಾಗಿಂದು. ಸೆರೆಗೆ ಹೋದ 37ನೇ ವರ್ಷದಲ್ಲಿ ಬಿಡುಗಡೆನೂ ಆಗಿ ಜೀವ ಇರೋವರೆಗೂ ಬಾಬೆಲ್ ಅರಸನ ಪಂಕ್ತಿಲೇ ಊಟ ಮಾಡಿದ ಆ ಹುಡುಗ. ಈ ವಾದಕ್ಕೆ ನನ್ನ ಫ್ರೆಂಡ್ ಇನ್ನೂ ಉತ್ತರ ಕೊಟ್ಟಿಲ್ಲ, ನಿಮ್ಮಲ್ಲಿ ಯಾರಿಗಾದ್ರೂ ಇದ್ರೆ ಹೇಳಿ, ಆದ್ರೆ ದಯವಿಟ್ಟು 34ನೇ ಅಧ್ಯಾಯ ಓದ್ಕೊಂಡು ಬನ್ನಿ.