ಅದು ಇರೂದೇ ಹಾಗೆ

ಕಳೆದ ಸೋಮವಾರ ಡೆಂಗಿ ಸಮೀಕ್ಷೆಗೆಂದು ಬಂದ ಆಶಾ ಕಾರ್ಯಕರ್ತೆ, ಒಂದು ಕಾಲದಲ್ಲಿ ನನ್ನದೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದವಳು, ಕಾರವಾರದ ಕೋಡಿಬಾಗದ ನಮ್ಮ ಮನೆಯ ಅಂಗಳದಲ್ಲಿ ಒಂದು ಸುತ್ತು ಹಾಕಿ, ಬಕೆಟು, ಕರಟ, ಹಳೆಯ ಟಯರುಗಳನ್ನೆಲ್ಲ ಬಗ್ಗಿ ನೋಡಿ, ಕೊನೆಗೆ ಹಲಸಿನ ಮರದ ಬುಡದಲ್ಲಿ ನಿಂತು, "ಸರ್, ಈ ತೊಟ್ಟಿ ನಿಮ್ದೇನಾ?" ಎಂದು ಕೇಳಿದಳು.

ಅದು ತೊಟ್ಟಿಯಲ್ಲ. ಹಾಯಿ ಕಟ್ಟುವ ಕೂವೆಮರ, ಚುಕ್ಕಾಣಿ, ಎರಡು ಹಾಯಿಗಳ ಸಮೇತ ನಾನು ಕಳೆದ ಏಪ್ರಿಲ್‌ನಲ್ಲಿ 65,000 ರೂಪಾಯಿ ಎಣಿಸಿಕೊಟ್ಟು ತಂದ 14 ಅಡಿಯ ಹಾಯಿದೋಣಿ.

ನಮ್ಮ ಕಡೆ ದಲ್ಲಾಳಿಯಿಲ್ಲದೆ ಜಾಗವಾಗಲಿ, ಹಳೆಯ ಬೈಕಾಗಲಿ, ಕೆಲವೊಮ್ಮೆ ಸೊಸೆಯಾಗಲಿ ಮನೆಗೆ ಬರುವುದಿಲ್ಲ. ನಡುವೆ ಒಬ್ಬ ನಿಂತರೆ ಅವನಿಗೆ ನೂರಕ್ಕೆ ಎರಡು ರೂಪಾಯಿ ಹೋಗುತ್ತದೆ ಎಂದು ಲೆಕ್ಕ ಹಾಕಿ, ಮೂವತ್ತು ವರ್ಷ ಗಣಿತ ಕಲಿಸಿದ ಹೆಮ್ಮೆಯಲ್ಲಿ, ನಾನು ನೇರವಾಗಿ ಮಾರುವವರ ಮನೆಗೇ ಹೋದೆ. ಹೀಗೆ ಉಳಿಸಿದ ಮೊತ್ತ 1,300 ರೂಪಾಯಿ. ಆ ಅಂಕಿಯನ್ನು ಈಗ ಮನೆಯಲ್ಲಿ ಯಾರೂ ಗಟ್ಟಿಯಾಗಿ ಉಚ್ಚರಿಸುವುದಿಲ್ಲ.

ಮಾರುವವರು ಸದಾಶಿವಗಡದ ಹಿರಿಯರು, ಹಡಗಿನ ನೌಕರಿಯಿಂದ ನಿವೃತ್ತರಾದವರು. ಊರವರೆಲ್ಲ ಅವರನ್ನು ಕ್ಯಾಪ್ಟನ್ ಎನ್ನುತ್ತಾರೆ. ಹಡಗಿನಲ್ಲಿ ಅವರು ನಿಜಕ್ಕೂ ಏನಾಗಿದ್ದರೆಂದು ಯಾರೂ ಕೇಳಿದಂತಿಲ್ಲ. ನಾನಂತೂ ಬರಿಗೈಯಲ್ಲಿ ಹೋಗಿರಲಿಲ್ಲ. ಹಳೆಯ ದೋಣಿ ಕೊಳ್ಳುವಾಗ ಏನೇನು ನೋಡಬೇಕೆಂದು ಓದಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೆ. ಫೈಬರ್ ದೋಣಿಯ ಹೊಟ್ಟೆಯನ್ನು ಬೆರಳ ಗೆಣ್ಣಿನಿಂದ ಬಡಿಯಬೇಕು. ಪದರಗಳು ಗಟ್ಟಿಯಾಗಿ ಅಂಟಿಕೊಂಡಿದ್ದರೆ ಟಕ್ ಎನ್ನುತ್ತದೆ, ಬಿಟ್ಟುಕೊಂಡು ನೀರು ಹೊಕ್ಕಿದ್ದರೆ ಬೊದ್ ಎನ್ನುತ್ತದೆ. ಹಲಸಿನ ಹಣ್ಣನ್ನು ಬಡಿದು ನೋಡಿ ಕೊಯ್ಯುವ ಸೀಮೆಯಲ್ಲಿ ಹುಟ್ಟಿದವನಿಗೆ ಇದೇನೂ ಕಷ್ಟದ ವಿದ್ಯೆಯಲ್ಲ. ಬಲಬದಿಯ ಒಂದು ಜಾಗದಲ್ಲಿ ಅದು ಚೆನ್ನಾಗಿ ಹಣ್ಣಾದ ಬಕ್ಕೆಯ ಹಾಗೆ ಸದ್ದು ಮಾಡಿತು. ನಾನು ತಲೆಯೆತ್ತಿ ನೋಡಿದೆ.

"ಮಾಸ್ತರ್ರೇ, ಅದು ಇರೂದೇ ಹಾಗೆ" ಎಂದರು ಕ್ಯಾಪ್ಟನ್.

ಮೊದಲ ಸಲ ಈ ಮಾತು ಮಗುವಿಗೆ ಸಮಾಧಾನ ಹೇಳುವ ಧಾಟಿಯಲ್ಲಿ ಬಂತು. ಕೂವೆಮರವನ್ನು ಹಿಡಿದು ನಿಲ್ಲಿಸುವ ಉಕ್ಕಿನ ತಂತಿಹಗ್ಗದ ಎಳೆಯೊಂದು ಕಡಿದು ನನ್ನ ಹೆಬ್ಬೆರಳಿಗೆ ಬಂಗಡೆಯ ಮುಳ್ಳಿನಂತೆ ಚುಚ್ಚಿದಾಗ, ಅದೇ ಮಾತನ್ನು ಅವರು ವೈದ್ಯರ ಗಾಂಭೀರ್ಯದಿಂದ ಹೇಳಿದರು. ಒಳ್ಳೆಯ ಹಾಯಿಯ ಬಟ್ಟೆ ಗರಿಗರಿ ಸದ್ದು ಮಾಡಬೇಕು, ಬಿಸಿಲು ತಿಂದದ್ದು ಸದ್ದಿಲ್ಲದೆ ಜೋಲುತ್ತದೆ ಎಂದು ನನ್ನ ನೋಟ್‌ಬುಕ್ಕು ಹೇಳುತ್ತಿತ್ತು. ಇವರ ಹಾಯಿ ನನ್ನಜ್ಜನ ಮನೆವಾರ್ತೆಯ ಪಂಚೆಯಂತೆ ಮೌನವಾಗಿ ಜೋತುಬಿದ್ದಿತ್ತು. ಅದೂ ಇರೂದೇ ಹಾಗೆ. ಈ ಸಲ ಧ್ವನಿಯಲ್ಲಿ ಸ್ವಲ್ಪ ನೋವಿತ್ತು. ದೋಣಿ ಗಾಳಿಗೆ ಅಡ್ಡಡ್ಡ ಸರಿಯದಂತೆ ತಡೆಯಲು ನಡುವಿನ ಸೀಳಿನಿಂದ ಕೆಳಗಿಳಿಯುವ ಹಲಗೆಯೊಂದಿದೆ. ಅದು ಅರ್ಧಕ್ಕೆ ಇಳಿದು ಅಲ್ಲೇ ಸಿಕ್ಕಿಕೊಂಡಿತು. ಕ್ಯಾಪ್ಟನ್ ಕಣ್ಣು ಮುಚ್ಚಿ, ಪುರೋಹಿತರು ಉಪಸಂಹಾರದ ಮಂತ್ರ ಹೇಳುವಂತೆ, "ಅದು ಇರೂದೇ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಉಳಿದರ್ಧವನ್ನು ನಾನೇ ಹೇಳಿಬಿಟ್ಟೆ. ವ್ಯವಹಾರ ಕುದುರಿದ್ದು ಆ ಕ್ಷಣದಲ್ಲಿ ಎಂದು ನನಗೆ ಈಗ ಅರ್ಥವಾಗುತ್ತದೆ.

ಛಾಪಾ ಕಾಗದದಲ್ಲಿ ಕರಾರನ್ನು ನಾನೇ ಬರೆದೆ. ಅವರು ಕನ್ನಡಕ ಏರಿಸಿ ಎರಡು ಬಾರಿ ಓದಿ, ಒಂದೇ ಒಂದು ಪದಪುಂಜವನ್ನು ಸೇರಿಸಿದರು: "ಇದ್ದ ಸ್ಥಿತಿಯಲ್ಲಿಯೇ." ಇರೂದೇ ಹಾಗೆ ಎಂಬುದರ ಕಾನೂನು ರೂಪ ಇದೇ ಎಂದು ಗಣಿತದ ಮಾಸ್ತರನಿಗೆ ಹೊಳೆಯಲಿಲ್ಲ.

ಸದಾಶಿವಗಡಕ್ಕೂ ಕೋಡಿಬಾಗಕ್ಕೂ ನಡುವೆ ಇರುವುದು ಕಾಳಿ ನದಿ ಮಾತ್ರ. ದೋಣಿಯನ್ನು ನೀರಿನಲ್ಲೇ ತರಬಹುದಲ್ಲ ಎಂದು ನಾನು ಸಹಜವಾಗಿಯೇ ಕೇಳಿದೆ. "ಬೇಡ, ಗಾಡಿಯ ಮೇಲೆ ಹೋಗಲಿ" ಎಂದರು ಕ್ಯಾಪ್ಟನ್. ನಾಲ್ವರು ಎತ್ತಬೇಕಾದ ದೋಣಿಯನ್ನು ಏಳು ಮಂದಿ ಏದುಸಿರು ಬಿಡುತ್ತ ಪಿಕಪ್ಪಿಗೆ ಏರಿಸಿದರು. ನೀರು ಕುಡಿದ ದೋಣಿ ತೂಕದಲ್ಲೇ ಚಾಡಿ ಹೇಳುತ್ತದೆ ಎಂಬುದೂ ನೋಟ್‌ಬುಕ್ಕಿನಲ್ಲಿತ್ತು, ಆದರೆ ನೋಟ್‌ಬುಕ್ಕು ಆಗಲೇ ಚೀಲ ಸೇರಿತ್ತು. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಉಳಿದಿದ್ದ ಸೇತುವೆಯ ಮೇಲೆ, ಬಾಲಕ್ಕೆ ಕೆಂಪು ಬಟ್ಟೆ ಕಟ್ಟಿಕೊಂಡು, ನನ್ನ ದೋಣಿ ಪಿಕಪ್ಪಿನಲ್ಲಿ ಮಲಗಿ ನದಿ ದಾಟಿತು. ಕೆಳಗೆ ಹುಟ್ಟು ಹಾಕುತ್ತಿದ್ದ ಪಾತಿದೋಣಿಯವನೊಬ್ಬ ಹುಟ್ಟು ನಿಲ್ಲಿಸಿ ಮೇಲೆ ನೋಡಿದ.

ಮರುದಿನ ಮಧ್ಯಾಹ್ನ ಅಳಿವೆಯಲ್ಲಿ ಅದನ್ನು ಇಳಿಸಿದೆ. ಪಡುಗಾಳಿ ಎದ್ದಿತ್ತು. ಆ ಹಳೆಯ ಪಂಚೆ ಒಮ್ಮೆ ಪಟಪಟಿಸಿ ಉಬ್ಬಿತು, ದೋಣಿ ವಾಲಿತು, ಹೊರಟಿತು. ಎಂಜಿನ್ನಿನ ಸದ್ದಿಲ್ಲ, ಬದಿಯಲ್ಲಿ ನೀರು ಹರಿಯುವ ಸದ್ದು ಮಾತ್ರ. ದೂರದಲ್ಲಿ ಕೂರ್ಮಗಡ ದ್ವೀಪ, ಹಿಂದೆ ಸಹ್ಯಾದ್ರಿಯ ಸಾಲು. ಈ ಕರಾವಳಿಯ ಸರಕೆಲ್ಲ ಮಚವೆಗಳಲ್ಲಿ ಹಾಯಿಯ ಬಲದಿಂದಲೇ ಓಡಾಡುತ್ತಿದ್ದ ಕಾಲವನ್ನು ಅಜ್ಜ ಹೇಳುತ್ತಿದ್ದರು. ಮಾತಿನ ನಡುವೆ ಗಾಳಿ ಬಂತೇ ಎಂದು ಅವರು ಮುಖ ತಿರುಗಿಸುತ್ತಿದ್ದದ್ದು ನೆನಪಾಯಿತು. ನಾನೂ ಹಾಗೆಯೇ ಮುಖ ತಿರುಗಿಸಿದ್ದೆ. ಇಪ್ಪತ್ತು ನಿಮಿಷ.

ಆಮೇಲೆ ದೋಣಿ ಭಾರವಾಗತೊಡಗಿತು. ಒಳಗೆ ಒಂದು ಹನಿ ನೀರು ಕಾಣಿಸುತ್ತಿರಲಿಲ್ಲ, ಆದರೂ ಅದು ಗಬ್ಬದ ಎಮ್ಮೆಯಂತೆ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಫೈಬರ್ ದೋಣಿಯ ಹುಡುಗರು ಹಗ್ಗ ಎಸೆದು ದಡಕ್ಕೆ ಎಳೆದು ತಂದರು. ಹಗ್ಗ ಬಿಚ್ಚುವ ಮೊದಲೇ "ಎಷ್ಟಕ್ಕೆ ತಕಂಡ್ರಿ?" ಎಂದರು, ಹೇಳಿದ ಮೇಲೆ ಹಗ್ಗವನ್ನು ಮೌನವಾಗಿ ಬಿಚ್ಚಿದರು. ರವೀಂದ್ರನಾಥ ಟ್ಯಾಗೋರರು ತಾರುಣ್ಯದಲ್ಲಿ, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರಲ್ಲಿಗೆ ಬಂದಿದ್ದಾಗ, ಬೆಳದಿಂಗಳಲ್ಲಿ ಇದೇ ಕಾಳಿಯಲ್ಲಿ ದೋಣಿವಿಹಾರ ಮಾಡಿ, ಮರಳುವಾಗ ಅಳಿವೆಯಲ್ಲಿ ದೋಣಿಯನ್ನು ಬಿಟ್ಟು ಮರಳಿನ ಮೇಲೆ ನಡೆದೇ ಮನೆ ಸೇರಿದ್ದರು. ನಾನೂ ನಡೆದೇ ಮನೆ ಸೇರಿದೆ. ಹೋಲಿಕೆ ಅಲ್ಲಿಗೆ ಮುಗಿಯುತ್ತದೆ.

ದೋಣಿ ರಿಪೇರಿಯವನು ಬಂದು ಗುಟ್ಟು ಬಿಡಿಸಿದ. ಇಂಥ ದೋಣಿಗೆ ಎರಡು ಚರ್ಮ; ಹೊರಚರ್ಮದ ಬಿರುಕಿನಿಂದ ನೀರು ನಡುವಿನ ಪೊಳ್ಳಿಗೆ ಸೇರುತ್ತದೆ, ನಾವು ಕೂರುವ ಕುಳಿಗೆ ಬರುವುದೇ ಇಲ್ಲ. ಅದೇ ಕಾರಣಕ್ಕೆ ಮೇಲಿನಿಂದ ಕುಳಿಗೆ ಬಿದ್ದ ನೀರು ಕೆಳಗೆ ಹೋಗುವುದೂ ಇಲ್ಲ; ನೀರು ಹೊರಬಿಡುವ ಬಿರಡೆಯೋ ಕಲ್ಲಿನಂತೆ ಕಚ್ಚಿಕೊಂಡಿದೆ. ಹೀಗಾಗಿ ಹೊಳೆಯ ನೀರನ್ನು ತಡೆಯಲಾರದ ನನ್ನ ದೋಣಿ, ಈ ಮಳೆಗಾಲದ ನೀರನ್ನು ಒಂದು ಹನಿ ಸೋರದಂತೆ ಹಿಡಿದಿಟ್ಟುಕೊಂಡಿದೆ. ಕ್ಯಾಪ್ಟನ್‌ಗೆ ಫೋನ್ ಮಾಡಿದ್ದೆ. ಅವರು ಏನೆಂದರು ಎಂಬುದನ್ನು ಬರೆಯುವುದಿಲ್ಲ.

"ತೊಟ್ಟಿ ಅಲ್ಲಮ್ಮ, ದೋಣಿ ಎಂದು ಬರೆದುಕೋ" ಎಂದೆ ನಾನು.

"ದೋಣಿಗೆ ಕಾಲಂ ಇಲ್ಲ ಸರ್" ಎಂದಳು. 'ನೀರಿನ ತೊಟ್ಟಿ – 1, ಲಾರ್ವಾ ಇದೆ' ಎಂದು ದುಂಡಗಿನ ಅಕ್ಷರದಲ್ಲಿ ಬರೆದಳು. ನಾನೇ ತಿದ್ದಿಸಿದ ಅಕ್ಷರ. ಖಾಲಿ ಮಾಡಲು ಆಗದಿದ್ದರೆ ಗಪ್ಪಿ ಮೀನು ತಂದು ಬಿಡುತ್ತೇನೆ, ಅವು ಸೊಳ್ಳೆಯ ಮರಿಗಳನ್ನು ತಿಂದುಹಾಕುತ್ತವೆ ಎಂದಳು. ಗುರುವಾರ ಪ್ಲಾಸ್ಟಿಕ್ ಚೀಲದಲ್ಲಿ ತಂದು ಬಿಟ್ಟೂ ಹೋದಳು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೈತಖೋಲ ಬಂದರಿನಲ್ಲಿ ಟ್ರಾಲರುಗಳೆಲ್ಲ ಸಾಲಾಗಿ ಸುಮ್ಮನೆ ನಿಂತಿವೆ. ನಿನ್ನೆ ಬೇಲಿಯಾಚೆಯಿಂದ ನೆರೆಮನೆಯ ತಾಂಡೇಲರು, "ಮಾಸ್ತರ್ರೇ, ದೋಣಿಯಲ್ಲಿ ಮೀನುಂಟೋ?" ಎಂದು ಕೂಗಿ ಕೇಳಿದರು. ಉಂಟು ಎಂದೆ.